ಬೋಲ್ಟಿನ ಮಾರಿಗೆ ಹಚ್ಚಿದ ಕುಂಕುಮ

ಅಕ್ಕೂ, ತಮ್ಮಣ್ಣಾ,

ಸಾಲಿಯ ಹಾಜರಿಯಲ್ಲಿ ನಿಮಗಿರುವ ಉದ್ದ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಾಯಿಗೆ ರೂಢಿಯಾದದ್ದು ಈ ಎರಡೇ. ಹೋದ ದಸರೆಗೆ ನೀವು ಬಂದಿದ್ದಾಗ ಗೋಡೆಯ ಮೇಲೆ ಬಂದೂಕು ಹಿಡಿದು ನಿಂತ ನಿಮ್ಮ ಅಜ್ಜನ ಫೋಟೊ ನೋಡಿ ತಮ್ಮಣ್ಣ ಕೇಳಿದ, "ಆಯಿ, ಮುತ್ಯಾ ಈ ಬಂದೂಕಲೆ ಎಷ್ಟ ಮಂದಿ ಕಳ್ಳರನ್ನ ಹೊಡದಾನ?" ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದೆ. ಆಯಿ ಅಳಾಕತ್ತಾಳ ಅಂದುಕೊಂಡು ಅಕ್ಕೂ ತಮ್ಮನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನಾನು ಅಳುತ್ತಿರಲಿಲ್ಲ. ನಗು ತಡೆಯಲಾಗದೆ ಒಳಗೆ ಹೋದದ್ದು. ಪಾಪ, ಕೂಸು ಸುಮ್ಮನೆ ಗುದ್ದು ತಿಂದಿತು. ಆ ಗುದ್ದಿಗೆ ಬದಲಾಗಿ ಇದನ್ನು ಬರೆಯುತ್ತಿದ್ದೇನೆ.

ಎದುರಿಗೆ ಕೂತು ಹೇಳಲು ನನ್ನಿಂದಾಗದು. ಸಾರವಾಡದ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಓದಿದವಳು ನಾನು. ಮಾಸ್ತರರು ಎಬ್ಬಿಸಿ ಪಾಠ ಓದು ಅಂದರೆ ಗೋಡೆಯ ಕಡೆ ಮುಖ ತಿರುಗಿಸಿ ಓದುತ್ತಿದ್ದೆ. ಕಾಗದಕ್ಕೆ ಕಣ್ಣಿಲ್ಲ, ಅದರ ಮುಂದೆ ನನಗೆ ನಾಚಿಕೆ ಇಲ್ಲ.

ಮೊದಲು ತಮ್ಮಣ್ಣನ ಪ್ರಶ್ನೆಗೆ ಉತ್ತರ. ಒಬ್ಬರನ್ನೂ ಹೊಡೆದಿಲ್ಲ. ಮಿಲಿಟರಿಯಿಂದ ಹವಾಲ್ದಾರರಾಗಿ ಬಿಡುಗಡೆಯಾಗಿ ಟಿಕೋಟಾಕ್ಕೆ ಬಂದ ಮೇಲೆ ನಿಮ್ಮ ಮುತ್ಯಾ ಬಬಲೇಶ್ವರದ ಒಂದು ಬ್ಯಾಂಕಿನ ಬಾಗಿಲಿಗೆ ಗನ್‌ಮನ್ ಆದರು. ಬಂದೂಕು ಅವರದೇ, ಲೈಸೆನ್ಸಿನದು, ಇನ್ನೊಬ್ಬರ ಕೈಯಿಂದ ಬಂದ ಹಳೆಯ ರೈಫಲ್ಲು. ಆ ಬಾಗಿಲಲ್ಲಿ ನಿಂತು ಅವರು ಹಿಡಿದ ದೊಡ್ಡ ಕಳ್ಳನೆಂದರೆ, ದಾರ ಕಟ್ಟಿಟ್ಟಿದ್ದ ಪೆನ್ನನ್ನು ದಾರದ ಸಮೇತ ಜೇಬಿಗೆ ಇಳಿಸಿದ ಒಬ್ಬ ಮುದುಕ. ಅವನೂ ವಿಚಾರಿಸಿದರೆ ನಮಗೆ ದೂರದಿಂದ ಬೀಗ. ಇಬ್ಬರೂ ಕೂಡಿ ಚಹಾ ಕುಡಿದು ಬಂದರು. ವರ್ಷಕ್ಕೊಮ್ಮೆ ಗುರಿ ಹೊಡೆಯುವ ಅಭ್ಯಾಸದಲ್ಲಿ ಕಾಗದಕ್ಕೆ ಬಿದ್ದ ತೂತುಗಳಷ್ಟೇ ಆ ರೈಫಲ್ಲಿನ ಪರಾಕ್ರಮ.

ಗುಂಡು ಹಾರದಿದ್ದರೂ ಬಂದೂಕು ಸ್ವಚ್ಛವಾಗಿರಬೇಕು ಎಂಬುದು ಅವರ ನೇಮ. ಆದಿತ್ಯವಾರ ಊಟವಾದ ಮೇಲೆ ಪಡಸಾಲೆಯಲ್ಲಿ ಹಳೆಯ ಕೌದಿ ಹಾಸುತ್ತಿದ್ದರು. ರೈಫಲ್ಲಿನಿಂದ ಬೋಲ್ಟು ಕಳಚಿ ಕೌದಿಯ ಮೇಲಿಡುತ್ತಿದ್ದರು. ಬೋಲ್ಟು ಅಂದರೆ ನಿಮ್ಮ ಸೈಕಲ್ಲಿನದಲ್ಲ. ಹೆಬ್ಬೆರಳಿಗಿಂತ ಸ್ವಲ್ಪ ದಪ್ಪದ ಉಕ್ಕಿನ ಕೊಳವೆ, ಪಕ್ಕಕ್ಕೊಂದು ಹಿಡಿಕೆ. ಬಾಗಿಲ ಅಗಳಿಯ ಹಾಗೆ ಹಿಂದಕ್ಕೆ ಎಳೆದರೆ ಬಂದೂಕು ತೆರೆಯುತ್ತದೆ, ಮುಂದೆ ತಳ್ಳಿ ಒತ್ತಿದರೆ ಮುಚ್ಚುತ್ತದೆ. ಅದರ ಮುಂತುದಿಯಲ್ಲಿ ಹಳೆಯ ಎಂಟಾಣೆಗಿಂತ ಸಣ್ಣದೊಂದು ತಟ್ಟೆ. ಕಾಡತೂಸಿನ ಹಿತ್ತಾಳೆಯ ತಳ ಬಂದು ಆನುವುದು ಅಲ್ಲಿಗೆ. ತಟ್ಟೆಯ ನಡುವೆ ಪಿನ್ನು ಹೊರಬರುವ ತೂತು, ಅಂಚಿನಲ್ಲಿ ಖಾಲಿ ಕಾಡತೂಸನ್ನು ಎಳೆದು ಹಾಕುವ ಸಣ್ಣ ಕೊಕ್ಕೆ. ಆ ತಟ್ಟೆಗೆ ಮುತ್ಯಾ ಬೋಲ್ಟಿನ ಮಾರಿ, ಅಂದರೆ ಮುಖ, ಅನ್ನುತ್ತಿದ್ದರು.

ಮೊದಲ ಸಲ ಅದನ್ನು ನನ್ನ ಕೈಗೆ ಕೊಟ್ಟು ಅವರು ಚಿಂದಿ ತರಲು ಒಳಗೆ ಹೋದರು. ಬಂದೂಕು ಒರೆಸುವ ಮೆತ್ತನೆಯ ಅರಿವೆಗೆ ಮಿಲಿಟರಿಯವರು ಚಿಂದಿ ಅನ್ನುತ್ತಾರೆ. ನಾನು ನೋಡಿದೆ. ತಟ್ಟೆಯ ಮೇಲೆ ಕರಿ, ಕರಿಯ ಕೆಳಗೆ ಹಳದಿ, ತೂತಿನ ಸುತ್ತ ಬಳೆಯಂಥ ಒಂದು ಗುರುತು. ಥೂ, ಎಷ್ಟು ಹೊಲಸು ಅನ್ನಿಸಿತು. ಅವರು ಬರುವಷ್ಟರಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಮುಂದಿಟ್ಟುಕೊಂಡಿದ್ದೆ. ನೀರು ಇನ್ನೂ ಸುರಿದಿರಲಿಲ್ಲ. ಅದೊಂದು ಪುಣ್ಯ.

"ಏ, ಏನ ಮಾಡಾಕತ್ತಿ?"

"ತಿಕ್ಕಾಕತ್ತೇನ್ರಿ. ಕೊಡದಂಗ ಬೆಳಗತೈತಿ ನೋಡ್ರಿ."

"ಕೊಡ ಅಲ್ಲಬೇ ಇದು. ಇತ್ತ ಕೊಡು."

ಕೌದಿಯ ಮೇಲೆ ಕೂಡಿಸಿ ಅವರು ಹೇಳಿಕೊಟ್ಟ ಪಾಠ ಏಳನೆಯ ಇಯತ್ತೆಯ ಎಲ್ಲ ಪಾಠಗಳಿಗಿಂತ ಚೆನ್ನಾಗಿ ನೆನಪಿದೆ. ಹೊಲಸು ಬೇರೆ, ಸವಕಳಿ ಬೇರೆ. ಕರಿ ಇದೆಯಲ್ಲ, ಅದು ಮದ್ದಿನ ಮಸಿ. ಚಿಂದಿಗೆ ಒಂದು ಹನಿ ಎಣ್ಣೆ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆಯಬೇಕು. ಹಳದಿ, ಹಿತ್ತಾಳೆ ಉಜ್ಜಿ ಉಜ್ಜಿ ಅಂಟಿದ ಬಣ್ಣ. ಬಂದರೆ ಬರಲಿ, ಬಾರದಿದ್ದರೆ ಅದಕ್ಕಾಗಿ ಜಗಳ ಬೇಡ. ಬಳೆಯಂಥ ಗುರುತು, ಕಾಡತೂಸಿನ ತಳ ಒತ್ತಿ ಒತ್ತಿ ಆದದ್ದು. ಅದನ್ನು ತೆಗೆಯಲು ಹೋದರೆ ಉಕ್ಕೇ ಹೋಗುತ್ತದೆ. ಇನ್ನು ಅಂಚಿನ ಹತ್ತಿರ ಮೂರು ಸಣ್ಣ ಕುಳಿಗಳಿದ್ದವು. ಮೊದಲಿನ ಮಾಲೀಕನ ಕಾಲದಲ್ಲಿ ಆದವು. "ಅವನ್ನ ಮುಟ್ಟಬ್ಯಾಡ, ಆದ್ರ ಕಣ್ಣ ಇಟ್ಟಿರು. ದೊಡ್ಡವ ಆಗಬಾರದು, ನಾಕನೇದ್ದು ಹುಟ್ಟಬಾರದು." ಕೊನೆಗೆ ಒಣ ಚಿಂದಿಯಿಂದ ಎಣ್ಣೆ ಪೂರ್ತಿ ಒರೆಸಬೇಕು. ಇಲ್ಲದಿದ್ದರೆ ಬಬಲೇಶ್ವರದ ಧೂಳೆಲ್ಲ ಬಂದು ಅಲ್ಲಿಯೇ ಸಂಸಾರ ಹೂಡುತ್ತದೆ.

ನಮ್ಮ ರೊಟ್ಟಿಯ ಹಂಚು ನೋಡಿದ್ದೀರಲ್ಲ. ನಡುವೆ ನುಣುಪಾಗಿ ಹೊಳೆಯುವ ಜಾಗವಿದೆ, ಅಂಚಿನಲ್ಲಿ ಒರಟಿದೆ. ಅದನ್ನು ಯಾರೂ ತಿಕ್ಕಿ ಸರಿಮಾಡಲು ಹೋಗುವುದಿಲ್ಲ. ರೊಟ್ಟಿ ಬಡಿದು ಬೇಯಿಸಿದ ಹಂಚು ಹಾಗೆಯೇ ಇರಬೇಕು. ಹೀಗೆ ಅಂದುಕೊಂಡ ಮೇಲೆ ಬೋಲ್ಟು ನನಗೆ ಅಡಿಗೆಮನೆಯ ವಸ್ತುವೇ ಆಗಿಹೋಯಿತು.

ಮೊದಮೊದಲು ಅವರು ಒರೆಸುತ್ತಿದ್ದರು, ನಾನು ಎಣ್ಣೆಯ ಶೀಸೆ ಹಿಡಿದು ಕೂಡುತ್ತಿದ್ದೆ. ಆಮೇಲೆ ಅವರಿಗೆ ಚಾಳೀಸು ಬಂತು. ನಲವತ್ತು ದಾಟಿದವರಿಗೆ ಹತ್ತಿರದ್ದು ಮಸುಕಾಗುವ ಕಣ್ಣು. ದೂರದ್ದು ಮಾತ್ರ ಹದ್ದಿನ ಕಣ್ಣು. ನಮ್ಮ ಕಟ್ಟೆಯ ಮೇಲೆ ಕೂತು ಸ್ಟ್ಯಾಂಡಿಗೆ ಬರುವ ಬಸ್ಸಿನ ಬೋರ್ಡು ಓದುತ್ತಿದ್ದರು. ಕೈಯಲ್ಲಿದ್ದ ಬೋಲ್ಟು ಮಾತ್ರ ಕಾಣುತ್ತಿರಲಿಲ್ಲ. ಅದನ್ನು ಮೂಗಿನಿಂದ ದೂರ, ಇನ್ನೂ ದೂರ, ಕೈ ಉದ್ದವಿದ್ದಷ್ಟೂ ದೂರ ಹಿಡಿದು, "ಈ ಮನ್ಯಾಗ ಬೆಳಕ ಇಲ್ಲ" ಅನ್ನುತ್ತಿದ್ದರು. ಮೂರು ಸಲ ಬಲ್ಬು ಬದಲಿಸಿದರು. ಪಡಸಾಲೆಯಲ್ಲಿ ಮದುವೆ ಮಂಟಪದಷ್ಟು ಬೆಳಕಾಯಿತು, ಬೋಲ್ಟು ಮಸುಕಾಗಿಯೇ ಉಳಿಯಿತು.

"ಒಂದ ಚಷ್ಮಾ ತಗೋರಿ," ಅಂದೆ.

"ಗನ್‌ಮನ್ ಚಷ್ಮಾ ಹಾಕ್ಕೊಂಡ ನಿಂತ್ರ ಕಳ್ಳ ನಕ್ಕೊಂತ ಒಳಗ ಬರ್ತಾನ."

"ನಕ್ಕೊಂತರೇ ಯಾರ ಬಂದಾರ್ರಿ ಇಲ್ಲೀತನ?"

ಈ ಮಾತಿಗೆ ಎರಡು ದಿನ ಮುನಿಸಿಕೊಂಡರು. ಮೂರನೆಯ ದಿನ ಆದಿತ್ಯವಾರ. ಬೋಲ್ಟನ್ನು ನನ್ನ ಮುಂದಿಟ್ಟು, "ನನಗ ಪೇಪರ್ ಓದೂದೈತಿ, ನೀ ಒಂದೀಟ ಒರಸು" ಅಂದರು. ಪೇಪರನ್ನೂ ಓದಲಾಗದು ಎಂದು ನನಗೆ ಗೊತ್ತಿತ್ತು, ನನಗೆ ಗೊತ್ತೆಂದು ಅವರಿಗೂ ಗೊತ್ತಿತ್ತು. ಅಂದಿನಿಂದ ಪಕ್ಕದಲ್ಲೇ ಪೇಪರು ಹಿಡಿದು ಕಾವಲು ಕೂಡುವುದು ಅವರ ಕೆಲಸ, ಒರೆಸುವುದು ನನ್ನ ಕೆಲಸ. ಮುಗಿದ ಮೇಲೆ ಬೋಲ್ಟು ಟ್ರಂಕಿಗೆ, ಟ್ರಂಕಿನ ಕೀಲಿ ಅವರ ಉಡದಾರಕ್ಕೆ. ಓಣಿಯ ಮಂದಿಗೆ ಮಾತ್ರ, "ನನ್ನ ಹತಿಯಾರ ನಾನ ಸಾಫ್ ಮಾಡ್ತೇನಿ, ಇನ್ನೊಬ್ಬರಿಗೆ ಮುಟ್ಟಾಕ ಬಿಡೂದಿಲ್ಲ" ಅನ್ನುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತ ಸ್ವಲ್ಪ ಜೋರಾಗಿ ಬಡಿಯುತ್ತಿದ್ದೆ, ಅಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮಹಾನವಮಿಗೆ ಖಂಡೇಪೂಜೆ ಮಾಡುತ್ತೇವಲ್ಲ, ಮನೆಯ ಎಲ್ಲ ಹತಾರಗಳಿಗೆ ವಿಭೂತಿ ಕುಂಕುಮ. ಕುಡುಗೋಲು, ಈಳಿಗೆ, ಹೊಲಿಗೆ ಯಂತ್ರದ ಸೂಜಿ, ಮಿಕ್ಸರು, ಮುತ್ಯಾನ ಕ್ಷೌರದ ಸಾಮಾನು, ಎಲ್ಲಕ್ಕೂ. ಒಂದು ಹತಾರಕ್ಕೆ ಮಾತ್ರ ಮುತ್ಯಾ ಕುಂಕುಮ ಮುಟ್ಟಿಸಗೊಡುತ್ತಿರಲಿಲ್ಲ, ರೈಫಲ್ಲಿಗೆ. ಮಿಲಿಟರಿಯಲ್ಲಿ ಒಮ್ಮೆ ಅವರ ಬಂದೂಕಿನಲ್ಲಿ ಒಂದು ಕೆಂಪು ಚುಕ್ಕಿ ಕಂಡು ಜಂಗು, ಅಂದರೆ ತುಕ್ಕು, ಹಿಡಿದಿದೆ ಎಂದು ಮೈದಾನದ ಸುತ್ತ ಓಡಿಸಿದ್ದರಂತೆ. ಅಂದಿನಿಂದ ಕೆಂಪು ಕಂಡರೆ ಅಂಜಿಕೆ. ಚೆಂಡು ಹೂವಿನ ಮಾಲೆಗೆ ಅಡ್ಡಿಯಿಲ್ಲ, ಕುಂಕುಮ ಬೇಡ.

ನನಗೆ ಇದು ಸರಿ ಕಾಣಲಿಲ್ಲ. ಮಿಕ್ಸರಿಗೆ ಕುಂಕುಮ, ನಮಗೆ ಅನ್ನ ಕೊಡುವ ಬಂದೂಕಿಗೆ ಇಲ್ಲವೆಂದರೆ ಹೇಗೆ. ಹೊಲಿಗೆ ಯಂತ್ರದಲ್ಲಿ ಸೂಜಿಗೆ ಹಚ್ಚುತ್ತೇವೆ, ಕುಡುಗೋಲಿನಲ್ಲಿ ಅಲಗಿಗೆ. ಅಂದರೆ ಕೆಲಸ ನಡೆಯುವ ಜಾಗಕ್ಕೆ. ಬಂದೂಕಿನ ಕೆಲಸ ನಡೆಯುವುದು ಎಲ್ಲಿ ಎಂದು ನನ್ನಷ್ಟು ಬಲ್ಲವರು ಆ ಓಣಿಯಲ್ಲಿ ಇರಲಿಲ್ಲ. ನವಮಿಯ ದಿನ ಬೋಲ್ಟು ಒರೆಸಿ, ಉಂಗುರಬೆರಳ ತುದಿಯಿಂದ ಮಾರಿಯ ಮೇಲೆ ಸಣ್ಣದೊಂದು ಬೊಟ್ಟು ಇಟ್ಟು, ಅವರ ಕೈಗೆ ಕೊಟ್ಟೆ. ಅವರು ಅದನ್ನು ಕೈ ಉದ್ದ ಹಿಡಿದು ನೋಡಿ, "ಕನ್ನಡಿ ಆಗೈತಿ" ಅಂದು ಟ್ರಂಕಿಗಿಟ್ಟರು. ಮುಂದಿನ ಆದಿತ್ಯವಾರ ಸದ್ದಿಲ್ಲದೆ ಒರೆಸಿದೆ. ಹೀಗೆ ನಾಲ್ಕು ವರ್ಷ ನಡೆಯಿತು. ಸುಳ್ಳೇಕೆ ಹೇಳಲಿ, ಕುಂಕುಮಕ್ಕಿಂತ ಆ ಕಳ್ಳತನವೇ ನನಗೆ ಹೆಚ್ಚು ಹಿಗ್ಗು ಕೊಡುತ್ತಿತ್ತು.

ಐದನೆಯ ವರ್ಷ ದಶಮಿಯ ಸಂಜೆ ಫೋನು ಬಂತು. ಮುತ್ಯಾರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದ ಸೆಕ್ಯುರಿಟಿ ಆಫೀಸು ವಿಜಯಪುರದ ಜಲನಗರದಲ್ಲಿತ್ತು. ವರ್ಷಕ್ಕೊಮ್ಮೆ, ದೀಪಾವಳಿ ದಾಟಿದ ಮೇಲೆ, ಅಲ್ಲಿ ಎಲ್ಲ ಗನ್‌ಮನ್ನರ ಬಂದೂಕುಗಳ ತಪಾಸಣೆ. ಆ ವರ್ಷ ತಪಾಸಣೆ ಮಾಡುವವರಿಗೆ ಬೇರೆ ಊರಿಗೆ ಹೋಗುವುದಿತ್ತಂತೆ, ಅದಕ್ಕೆ ನಾಳೆ ಹನ್ನೊಂದಕ್ಕೇ ಬರಬೇಕು. ಅವರ ಸಹಿ ಬಿದ್ದರೆ ಮತ್ತೊಂದು ವರ್ಷ ಕೆಲಸ. ಬೀಳದಿದ್ದರೆ ಬ್ಯಾಂಕಿನ ಬಾಗಿಲಿಗೆ ಬೇರೆಯವರು. ಹಿಂದಿನ ವರ್ಷ ಒಬ್ಬರ ಬೋಲ್ಟಿನಲ್ಲಿ ಜಂಗು ಸಿಕ್ಕು, ಅವರು ಈಗ ನಮ್ಮೂರಿನ ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಗೆ ಓಡಿಸುತ್ತಿದ್ದರು. ನಿಮ್ಮ ಮುತ್ಯಾ ಕಾಗೆ ಓಡಿಸುವ ಗಂಡಸಲ್ಲ. ಖಾಕಿ ಅಂಗಿ ಬಿಚ್ಚಿಟ್ಟ ದಿನ ಅವರು ಮನೆಯಲ್ಲಿ ಕೂತು ನನ್ನ ಒಲೆಯ ಉಸ್ತುವಾರಿಗೆ ನಿಲ್ಲುತ್ತಿದ್ದರು. ಅವರಿಗೂ ಅದು ಸಾವು, ನನಗೂ.

ಬೊಟ್ಟು ಇನ್ನೂ ಬೋಲ್ಟಿನ ಮೇಲಿತ್ತು. ಬೋಲ್ಟು ಟ್ರಂಕಿನಲ್ಲಿ, ಕೀಲಿ ಉಡದಾರದಲ್ಲಿ. ಮನೆ ತುಂಬ ಬನ್ನಿ ಕೊಡಲು ಬಂದ ಮಂದಿ. ಅವರನ್ನು ಬದಿಗೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಬೆಳಿಗ್ಗೆ ಏನಾದರೂ ನೆವ ಹೇಳಿ ಬೋಲ್ಟು ಇಸಿದುಕೊಳ್ಳೋಣ ಅಂದುಕೊಂಡೆ. ಬೆಳಿಗ್ಗೆ ಚಹಾ ಹಿಡಿದು ಬರುವಷ್ಟರಲ್ಲಿ ಬೋಲ್ಟು ರೈಫಲ್ಲಿನೊಳಗೆ ಹೋಗಿತ್ತು, ರೈಫಲ್ಲು ಚೀಲದೊಳಗೆ.

"ಒಂದ ಸಲ ಒರಸಿ ಕೊಡ್ತೇನ್ರಿ."

"ಮೊನ್ನೆರೇ ಒರಸೀದಿ. ಕನ್ನಡಿ ಆಗೈತಿ, ನಾನ ನೋಡೇನಿ."

ನೀವು ನೋಡಿದ್ದೇ ತೊಂದರೆ ಅನ್ನಲು ಬಾಯಿ ಬರಲಿಲ್ಲ. ಬುತ್ತಿ ಕಟ್ಟಿಕೊಟ್ಟೆ. ಹೋದರು.

ಮುಂದಿನ ಬಸ್ಸಿಗೆ ನಾನು ಹೊರಟೆ. ಟಿಕೋಟಾದಿಂದ ವಿಜಯಪುರಕ್ಕೆ ಒಬ್ಬಳೇ ಹೋಗಿದ್ದು ಅದೇ ಮೊದಲು. ಸುಮ್ಮನೆ ಹೋದರೆ ಯಾಕೆ ಬಂದೆ ಅಂದಾರು ಎಂದು ಎರಡನೆಯ ಬುತ್ತಿ ಕಟ್ಟಿದೆ. ಮೇಲೆ ಮೂರು ರೊಟ್ಟಿ, ಶೇಂಗಾ ಚಟ್ನಿ. ಕೆಳಗೆ ಚಿಂದಿ, ಎಣ್ಣೆಯ ಶೀಸೆ, ಹಲ್ಲುಜ್ಜುವ ಬ್ರಷ್ಷು.

ಆಫೀಸಿನ ಹೆಸರು ಇಂಗ್ಲಿಷಿನಲ್ಲಿ ಏನೋ ಇತ್ತು, ನನಗೆ ಬಾರದು. ಬಸ್ ಸ್ಟ್ಯಾಂಡಿನಲ್ಲಿ ಆಟೊದವನಿಗೆ, "ಜಲನಗರದಾಗ ಬಂದೂಕಿನ ಮಂದಿ ಕೂಡ್ತಾರಲ್ಲಪಾ, ಅಲ್ಲಿ ಬಿಡು" ಅಂದೆ. ಅವನು ನನ್ನನ್ನು ನೋಡಿದ, ಬುತ್ತಿಯ ಗಂಟು ನೋಡಿದ.

"ಏನ ಕೆಲಸ ಇತ್ರಿ ಯವ್ವಾ?"

"ಒಂದ ಗುರುತ ಅಳಸೂದೈತಿ."

ಇದನ್ನು ಕೇಳಿದ ಮೇಲೆ ದಾರಿಯುದ್ದಕ್ಕೂ ಅವನು ಹಿಂದೆ ತಿರುಗಿ ನೋಡಲಿಲ್ಲ. ಎರಡು ಓಣಿಗಳಲ್ಲಿ ವಿಚಾರಿಸಿ ಬಾಗಿಲಿಗೇ ತಂದು ಬಿಟ್ಟು, ಲಗುಬಗೆಯಿಂದ ಹೋದ.

ಆಫೀಸಿನ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಮೇಜು. ಮೇಜಿನ ಹಿಂದೆ ತಪಾಸಣೆಯವರು, ಬಂದೂಕು ರಿಪೇರಿಯ ಕೆಲಸದಿಂದ ನಿವೃತ್ತರಾದ ಮಿಲಿಟರಿಯ ಹಿರಿಯರು, ಬಿಳಿ ಹುಬ್ಬು, ಕೈಯಲ್ಲಿ ಭೂತಗನ್ನಡಿ. ಎದುರಿಗೆ ಬೆಂಚುಗಳ ಮೇಲೆ ಹತ್ತು ಹನ್ನೆರಡು ಮೀಸೆಗಳು. ನಾನು ಸೆರಗು ಹಣೆಗೆ ಎಳೆದುಕೊಂಡು ಬೆಂಚಿನ ಹಿಂದೆ ಹೋಗಿ ನಿಂತೆ. ನಿಮ್ಮ ಮುತ್ಯಾ ತಿರುಗಿ ನೋಡಿದವರು ದೆವ್ವ ಕಂಡಂತಾದರು.

"ನೀ ಯಾಕ ಬಂದಿ?"

"ಬುತ್ತಿ ಮರತ ಬಂದೀರಿ."

"ಬುತ್ತಿ ಇಲ್ಲೇ ಐತಲ್ಲ."

"ಇದು ಇನ್ನೊಂದ ಬುತ್ತಿರಿ."

ಪಕ್ಕದಲ್ಲಿ ಕೂತಿದ್ದ ದಪ್ಪ ಗನ್‌ಮನ್ ಒಬ್ಬರು ಇದನ್ನು ಕೇಳಿಸಿಕೊಂಡರು. "ಏನ್ರಿ ಹವಾಲ್ದಾರ್ರ, ಒಂದ ಹೊತ್ತಿಗೆ ಎರಡ ಬುತ್ತಿ? ನಮ್ಮ ಮನ್ಯಾಗ ಒಂದ ಸಿಗೂದ ಕಷ್ಟ."

"ಒಂದ ಮಾತ ಐತಿ, ಹೊರಗ ಬರ್ರಿ," ಎಂದು ನಾನು ಪಿಸುಗುಟ್ಟಿದೆ.

"ನನ್ನ ಪಾಳಿ ಬಂತು."

"ಪಾಳಿ ಬಿಡ್ರಿ. ಬೋಲ್ಟ ಒಂದೀಟ ನೋಡಬೇಕ್ರಿ."

"ನೋಡೇನಿ ಅಂತ ಎಷ್ಟ ಸಲ ಹೇಳ್ಲಿ?"

ಮೇಜಿನಿಂದ ಕೂಗು ಬಂತು. ಅವರು ಎದೆ ಮುಂದೆ ಮಾಡಿ ನಡೆದುಹೋದರು, ರೈಫಲ್ಲು ಮೇಜಿನ ಮೇಲಿಟ್ಟರು. ಹಿರಿಯರು ಬೋಲ್ಟು ಎಳೆದು ಹೊರತೆಗೆದು ಮಾರಿಯ ಮೇಲೆ ಹೆಬ್ಬೆರಳು ಆಡಿಸಿದರು. ಬೆರಳನ್ನು ಬಿಸಿಲಿಗೆ ಹಿಡಿದರು. ಕೆಂಪು.

"ಜಂಗ ಹಿಡದೈತಿ," ಅಂದರು. ಅಷ್ಟೇ. ಪೆನ್ನು ಎತ್ತಿಕೊಂಡರು.

"ಸಾಧ್ಯ ಇಲ್ಲ ಸಾಹೇಬ್ರ."

"ಹಂಗಾರ ಇದೇನ? ನೀವ ನೋಡ್ರಿ."

ಬೋಲ್ಟನ್ನು ಮುತ್ಯಾರ ಮುಖಕ್ಕೆ ಹಿಡಿದರು. ಮುತ್ಯಾ ತಲೆ ಹಿಂದೆ ಸರಿಸಿದರು. ಹಿರಿಯರು ಬೋಲ್ಟು ಮುಂದೆ ತಂದರು. ಮುತ್ಯಾ ಇನ್ನೂ ಹಿಂದೆ ಸರಿದರು. ಇನ್ನೊಂದು ಗೇಣು ಸರಿದಿದ್ದರೆ ಹಿಂದಿನ ಬೆಂಚಿನವರ ಮಡಿಲಲ್ಲಿ ಕೂಡುತ್ತಿದ್ದರು.

"ಇಲ್ಲಿ ಬೆಳಕ ಸಾಲವಲ್ದು," ಅಂದರು. ಹನ್ನೊಂದೂವರೆಯ ಬಿಸಿಲು. ಮೀಸೆಗಳೆಲ್ಲ ನಗತೊಡಗಿದವು. ಹಿರಿಯರು ನಗಲಿಲ್ಲ.

"ಈ ಹತಿಯಾರ ಸಾಫ್ ಮಾಡೋರು ಯಾರು?"

"ನಾನ ಸಾಹೇಬ್ರ."

"ಕೆಂಪು ಕಾಣವಲ್ದು, ಸಾಫ್ ಹೆಂಗ ಮಾಡ್ತೀರಿ?"

ಮುತ್ಯಾರ ಕಿವಿ ಬೋಲ್ಟಿನ ಬೊಟ್ಟಿಗಿಂತ ಕೆಂಪಾಗಿತ್ತು. ಪೆನ್ನು ಕಾಗದಕ್ಕೆ ತಾಗುವುದು ಕಂಡು ನನ್ನ ಬಾಯಿಂದ ತಾನಾಗಿ ಮಾತು ಬಂತು. ಆ ಮಾತನ್ನೂ ಗೋಡೆಯ ಕಡೆ ಮುಖ ಮಾಡಿಯೇ ಆಡಿದೆ, ಅದೂ ನೆನಪಿದೆ.

"ಅದ ಜಂಗ ಅಲ್ರಿ. ಕುಂಕುಮರಿ."

ಹಿರಿಯರು ಬೆರಳನ್ನು ಮೂಗಿಗೆ ಹಿಡಿದು ಮೂಸಿದರು. ಮತ್ತೊಮ್ಮೆ ಮೂಸಿದರು. "ಇಲ್ಲಿ ಯಾಕ ಹಚ್ಚೀರಿ ತಾಯಿ?"

"ಖಂಡೇಪೂಜಿಗೆ ಹಚ್ಚೇನ್ರಿ. ಹೊರಗ ಹಚ್ಚಿದ್ರ ಇವರಿಗೆ ಕಾಣ್ತಿತ್ರಿ."

ಅಂಗಳವೆಲ್ಲ ನಕ್ಕಿತು. ದಪ್ಪ ಗನ್‌ಮನ್ನರು ಬೆಂಚು ಬಡಿದು ಬಡಿದು ನಕ್ಕರು. ಏನು ಹೇಳಿಬಿಟ್ಟೆ ಎಂದು ನನಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು. ಮುತ್ಯಾರ ಕಣ್ಣಿನ ಗುಟ್ಟನ್ನು ಹನ್ನೆರಡು ಮಂದಿಯ ಮುಂದೆ ನಾನೇ ಬಿಚ್ಚಿಟ್ಟಿದ್ದೆ.

ಹಿರಿಯರು ಕುಂಕುಮ ಒರೆಸಿ ಭೂತಗನ್ನಡಿ ಹಿಡಿದರು. "ಕುಂಕುಮ ಹೋತು. ಈ ಬಳಿ ಏನು? ಈ ಕುಳಿ ಏನು? ಬೋಲ್ಟ ಸವದೈತಿ ಅಂತ ಬರೀಲೇನು?" ಹಾಗೆ ಬರೆದರೆ ರೈಫಲ್ಲು ರಿಪೇರಿಗೆ ಹೋಗಿ ತಿಂಗಳುಗಟ್ಟಲೆ ಅಲ್ಲಿಯೇ. ಕೆಲಸ ಹೋದಂತೆಯೇ.

ಒಮ್ಮೆ ಬಿಚ್ಚಿದ ಬಾಯಿ, ಇನ್ನು ಮುಚ್ಚಿ ಏನು ಮಾಡುವುದು. ಗೋಡೆ ಬಿಟ್ಟು ಮೇಜಿನ ಹತ್ತಿರ ಹೋದೆ.

"ಬಳಿ ಕಾಡತೂಸಿನ ತಳ ಒತ್ತಿ ಆಗಿದ್ದರಿ. ಉಗುರ ಆಡಿಸಿ ನೋಡ್ರಿ, ಎಲ್ಲೂ ತಡಿಯಂಗಿಲ್ಲ. ಹಳದಿ ಹಿತ್ತಾಳಿದು. ಕುಳಿ ಮೂರ ಅದಾವ್ರಿ, ಒಂದ ಎಳ್ಳಿನಷ್ಟು, ಎರಡ ಗಸಗಸಿಯಷ್ಟು. ಈ ಮನಿಗೆ ಬರೂ ಮುಂದನ ಇದ್ದುವು. ದೊಡ್ಡವೂ ಆಗಿಲ್ಲ, ನಾಕನೇದ್ದೂ ಹುಟ್ಟಿಲ್ಲ."

"ಪಿನ್ನಿನ ತೂತು?"

"ಗುಂಡಗ ಐತ್ರಿ. ಅಂಚ ಮುರದಿಲ್ಲ. ಪ್ರತಿ ಆದಿತ್ಯವಾರ ಸೂಜಿ ಮೊನಿ ಆಡಿಸಿ ನೋಡ್ತೇನ್ರಿ."

ಅವರು ಉಗುರು ಆಡಿಸಿದರು. ಭೂತಗನ್ನಡಿಯಲ್ಲಿ ಕುಳಿಗಳನ್ನು ಎಣಿಸಿದರು. ನನ್ನ ಬುತ್ತಿಯ ಗಂಟು ಅಷ್ಟರಲ್ಲಿ ಸಡಿಲಿ, ಬ್ರಷ್ಷು ಮೇಜಿನ ಕೆಳಗೆ ಬಿತ್ತು. ಹಿರಿಯರು ಬಗ್ಗಿ ನೋಡಿ, "ರೊಟ್ಟಿ ಜೋಡಿ ಇದನ್ನೂ ತಿಂತಾರೇನ ಹವಾಲ್ದಾರ್ರು?" ಅಂದರು. ಆಗ ಮೊದಲ ಸಲ ನಕ್ಕರು.

ಆಮೇಲೆ ಹೇಳಿದರು: "ರೈಫಲ್ ಪಾಸ್. ಮನಷ್ಯಾ ನಪಾಸ್. ಸಂಜಿ ನಾಕರ ತನಕ ಇಲ್ಲೇ ಇರ್ತೇನಿ. ಚಷ್ಮಾ ಹಾಕ್ಕೊಂಡ ಬಂದು, ಈ ಬೋಲ್ಟಿನ್ಯಾಗ ಏನೈತಿ ಅಂತ ನೀವ ನೋಡಿ ಹೇಳಿದ್ರ ಸಹಿ."

ರೈಫಲ್ಲು ಅಲ್ಲಿಯೇ ಬಿಟ್ಟು ಇಬ್ಬರೂ ಚಷ್ಮಾದ ಅಂಗಡಿಗೆ ನಡೆದೆವು. ದಾರಿಯಲ್ಲಿ ಅವರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಅಂಗಡಿಯವನು ಕಣ್ಣು ಪರೀಕ್ಷಿಸಿ, ಓದುವ ಚಷ್ಮಾ ಸಾಕು, ತಯಾರಿದ್ದವು ಇವೆ ಅಂದ. ಮುತ್ಯಾ ಹದಿನೇಳು ಚಷ್ಮಾ ಹಾಕಿ ತೆಗೆದರು. ಒಂದರಲ್ಲಿ ಮಾಸ್ತರ ಕಾಣ್ತೇನಿ ಅಂದರು, ಇನ್ನೊಂದರಲ್ಲಿ ಮುದುಕ ಕಾಣ್ತೇನಿ. ಕೊನೆಗೆ ನಾನು, "ಕಳ್ಳ ನಗಲಾರದಂಥಾದ್ದು ಒಂದ ಕೊಡಪಾ" ಅಂದೆ. ಅಂಗಡಿಯವನಿಗೆ ತಿಳಿಯಲಿಲ್ಲ. ಮುತ್ಯಾರ ಮೀಸೆಯ ತುದಿ ಸ್ವಲ್ಪ ಅಲುಗಿತು. ಆಗ ನನಗೆ ಧೈರ್ಯ ಬಂತು. ಅಂಗಡಿಯ ಕಟ್ಟೆಯ ಮೇಲೆ ಕೂತು ಇಬ್ಬರೂ ಎರಡೂ ಬುತ್ತಿ ತಿಂದೆವು. ಚಟ್ನಿಗೆ ಬಂದೂಕಿನ ಎಣ್ಣೆಯ ವಾಸನೆ ಹತ್ತಿತ್ತು. ಅವರು ಎರಡು ಸಲ ಹಾಕಿಸಿಕೊಂಡು ತಿಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮತ್ತೆ ಬೇವಿನ ಗಿಡದ ಕೆಳಗೆ ನಿಂತೆವು. ಮುತ್ಯಾ ಚಷ್ಮಾ ಏರಿಸಿ ಬೋಲ್ಟು ಕೈಗೆ ತೆಗೆದುಕೊಂಡರು. ಎಷ್ಟೋ ವರ್ಷಗಳ ಮೇಲೆ ಅದರ ಮಾರಿ ಅವರಿಗೆ ಕಂಡಿತು. ಹೊರಳಿಸಿ ಹೊರಳಿಸಿ ನೋಡಿದರು. ಬಳೆ ಹೇಳಿದರು, ಹಳದಿ ಹೇಳಿದರು, ಮೂರು ಕುಳಿ ಎಣಿಸಿದರು. ಮುಗಿಯಿತು ಅಂದುಕೊಂಡೆ. ಆಗ ಅವರು ಕೊಕ್ಕೆಯ ಸಂದಿಗೆ ಬೆರಳು ತೋರಿಸಿದರು.

"ಇಲ್ಲಿ ಕುಂಕುಮ ಉಳದೈತಿ ಸಾಹೇಬ್ರ. ಈಕಿ ಮೂಲಿ ಮೂಲಿ ಸಾಫ್ ಮಾಡಿಲ್ಲ."

ಹಿರಿಯರು ಭೂತಗನ್ನಡಿಯಲ್ಲಿ ನೋಡಿದರು. ಹೌದು, ಕೂದಲೆಳೆಯಷ್ಟು ಕೆಂಪು. ಅವರ ಕಣ್ಣಿಗೂ ತಪ್ಪಿತ್ತು. ಸಹಿ ಹಾಕಿದರು. ನನ್ನ ಸೆರಗಿನ ಗಂಟಿನಲ್ಲಿ ಹಿಂದಿನ ದಿನದ ಬನ್ನಿ ಎಲೆಗಳಿದ್ದವು. ನಾಲ್ಕು ಎಲೆ ತೆಗೆದು ಆ ಹಿರಿಯರ ಕೈಗಿಟ್ಟು ನಮಸ್ಕಾರ ಮಾಡಿದೆ. "ಮುಂದಿನ ವರ್ಷ ಕುಂಕುಮ ಹಚ್ಚಿದ್ರ ಒರಸಿ ಕಳಸ್ರಿ ತಾಯಿ," ಅಂದರು.

ಬಸ್ಸಿನಲ್ಲಿ ಮುತ್ಯಾ ಚಷ್ಮಾ ತೆಗೆಯಲೇ ಇಲ್ಲ. ಟಿಕೆಟ್ಟು ಓದಿದರು, ಎದುರಿನ ಸೀಟಿನ ಹಿಂದೆ ಯಾರೋ ಗೀಚಿದ್ದನ್ನು ಓದಿದರು. ಟಿಕೋಟಾದ ದ್ರಾಕ್ಷಿ ತೋಟಗಳು ಕಾಣುವ ಹೊತ್ತಿಗೆ ನನ್ನ ಕಡೆ ತಿರುಗಿದರು.

"ನಿನ್ನ ಗದ್ದದ ಮ್ಯಾಲ ಒಂದ ಮಚ್ಚಿ ಐತಲ್ಲ, ಯಾವಾಗ ಆತು?"

"ಮದುವಿ ಮುಂದನ ಇತ್ರಿ. ದೊಡ್ಡದೂ ಆಗಿಲ್ಲ, ಇನ್ನೊಂದೂ ಹುಟ್ಟಿಲ್ಲ."

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಮುತ್ಯಾ ನಕ್ಕರು.

ಅಂದಿನಿಂದ ಬೋಲ್ಟು ಅವರೇ ಒರೆಸಿದರು. ಆದಿತ್ಯವಾರ ನನಗೆ ಪೇಪರು ಓದುವ ಕೆಲಸ ಸಿಕ್ಕಿತು. ಮರುವರ್ಷದ ನವಮಿಗೆ ನಾನು ಬಂದೂಕಿನ ಗೊಡವೆಗೆ ಹೋಗಲಿಲ್ಲ. ಅವರೇ ಬೋಲ್ಟನ್ನು ನನ್ನ ಮುಂದೆ ಹಿಡಿದು, "ಹಚ್ಚು. ಸಣ್ಣದು. ನಾಳೆ ನಾನ ಒರಸ್ತೇನಿ" ಅಂದರು. ಮುಂದೆ ಎಲ್ಲ ವರ್ಷವೂ ಹಾಗೆಯೇ ಆಯಿತು. ಫೋಟೊದಲ್ಲಿ ಅವರ ಅಂಗಿಯ ಜೇಬಿನಿಂದ ಇಣುಕುವ ಕರಿಯ ಕಡ್ಡಿ ಪೆನ್ನಲ್ಲ ತಮ್ಮಣ್ಣಾ, ಅದೇ ಚಷ್ಮಾ. ಫೋಟೊಗೆ ಮಾತ್ರ ಹಾಕಿಕೊಳ್ಳಲಿಲ್ಲ.

ಅವರು ಹೋದ ಮೇಲೆ ಬಂದೂಕನ್ನು ಠಾಣೆಗೆ ಜಮಾ ಮಾಡಲು ನಿಮ್ಮ ಅಪ್ಪನ ಜೊತೆ ನಾನೂ ಹೋದೆ. ಅಲ್ಲಿನ ಜಮಾದಾರರು ಬೋಲ್ಟು ತೆಗೆದು ಚೀಟಿ ಕಟ್ಟುವಾಗ, ಒಮ್ಮೆ ನೋಡುತ್ತೇನೆ ಕೊಡಿ ಅಂದೆ. ಕೊಟ್ಟರು. ಮುತ್ಯಾರ ಚಷ್ಮಾ ನನ್ನ ಚೀಲದಲ್ಲಿತ್ತು. ಆ ಹೊತ್ತಿಗೆ ನನಗೂ ಅದು ಬೇಕಾಗಿತ್ತು. ಬಳೆ ಇತ್ತು. ಕುಳಿ ಮೂರೇ. ಕೊಕ್ಕೆಯ ಸಂದಿಯಲ್ಲಿ ಕೂದಲೆಳೆಯಷ್ಟು ಕೆಂಪು. ಇಷ್ಟು ವರ್ಷ ಕನ್ನಡಿ ಕನ್ನಡಿ ಎಂದು ಒರೆಸಿದ ಮನುಷ್ಯ, ಆ ಸಂದಿಯನ್ನು ಅವರೂ ಬಿಟ್ಟಿದ್ದರು. ನನ್ನ ಚೀಲದಲ್ಲಿ ಚಿಂದಿಯೂ ಇತ್ತು. ತೆಗೆಯಲಿಲ್ಲ. ಬೋಲ್ಟು ಹಾಗೆಯೇ ಮರಳಿ ಕೊಟ್ಟೆ.

ಆಮೇಲೆ ಅದು ಪರವಾನಗಿ ಇದ್ದ ಅಂಗಡಿಯ ಮೂಲಕ ಬೇರೆ ಯಾರದೋ ಕೈಗೆ ಹೋಯಿತು. ಯಾವ ಊರಿನ ಯಾವ ಬಾಗಿಲಲ್ಲಿ ನಿಂತಿದೆಯೋ ಗೊತ್ತಿಲ್ಲ. ಇಂದಲ್ಲ ನಾಳೆ ಅಲ್ಲಿಯೂ ಒಬ್ಬ ಹಿರಿಯರು ಭೂತಗನ್ನಡಿ ಹಿಡಿದು, ಜಂಗು ಹಿಡಿದಿದೆ ಎಂದು ಪೆನ್ನು ಎತ್ತುತ್ತಾರೆ. ಆ ಬಡಪಾಯಿ ಗನ್‌ಮನ್ನನಿಗೆ ಏನೂ ಗೊತ್ತಿರುವುದಿಲ್ಲ. ಅದು ಜಂಗಲ್ಲ, ಟಿಕೋಟಾದ ಕುಂಕುಮ ಎಂದು ಹೇಳಲು ನಾನು ಇನ್ನೊಂದು ಬುತ್ತಿ ಕಟ್ಟಿಕೊಂಡು ಹೋಗಲಾರೆ. ಅದಕ್ಕೇ ಈ ಹಾಳೆಗಳು ನಿಮ್ಮ ಕೈಯಲ್ಲಿರಲಿ. ಮುತ್ಯಾನ ಟ್ರಂಕಿನಲ್ಲಿ, ಚಷ್ಮಾದ ಡಬ್ಬಿಯ ಕೆಳಗೆ ಇಡಿರಿ. ಎಣ್ಣೆಯ ಶೀಸೆಯೂ ಅಲ್ಲಿಯೇ ಇದೆ, ಅದರಿಂದ ದೂರ ಇರಲಿ. ಕೀಲಿ ಅಕ್ಕೂನ ಹತ್ತಿರ ಇರಲಿ, ತಮ್ಮಣ್ಣ ಏನನ್ನಾದರೂ ತಿಕ್ಕಲು ಹೋದಾನು.